ದೇವರ ಮನೆ ಬಾಗಿಲಿಗೆ ಬಳ್ಳಿ ಪಟ್ಟಿ: ಮನೆಯ ಸಿಎನ್‌ಸಿಯಲ್ಲಿ ತೇಗ ಕೆತ್ತುವ ಬಗೆ

ನಾನು ಕೆತ್ತಿದ ಮೊದಲ ಪಟ್ಟಿಯಲ್ಲಿ ಎಲೆ, ಹೂವು ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಬಾಗಿಲುವಾಡದ ಮೇಲೆ ಹಿಡಿದು ನೋಡಿದಾಗ ಮಾತ್ರ ಬಲಮೂಲೆಯಲ್ಲಿ ಹೂವು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಎಡಮೂಲೆಯಲ್ಲಿ ಇಡೀ ಹೂವು, ಬಲಕ್ಕೆ ಅರ್ಧ. ಬಾಗಿಲ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಆ ಪಟ್ಟಿಯನ್ನು ಬಿಚ್ಚಿಟ್ಟು ಮತ್ತೆ ಮೊದಲಿನಿಂದ ಮಾಡಿದೆ. ಅಂದಿನಿಂದ ನಾನು ಪಟ್ಟಿಯ ಲೆಕ್ಕವನ್ನು ಮೂಲೆಯಿಂದಲೇ ಶುರುಮಾಡುತ್ತೇನೆ. ಈ ಬರಹವೂ ಅದೇ ಕ್ರಮದಲ್ಲಿದೆ: ಮೊದಲು ಬಾಗಿಲಿನ ಅಳತೆ, ಅದರಿಂದ ಬಳ್ಳಿಯ ಅಳತೆ, ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಚಲಿಸಿ ಕೆತ್ತುವ ಯಂತ್ರದ ಮಾತು ಆಮೇಲೆ.

ಉದಾಹರಣೆಗೆ ತೆಗೆದುಕೊಂಡಿರುವುದು ದೇವರ ಮನೆಯ ಬಾಗಿಲು. ಬಾಗಿಲುವಾಡಕ್ಕೂ ಗೋಡೆಗೂ ನಡುವಿನ ಸಂದು ಮುಚ್ಚುವ, ಬಡಗಿಗಳು ಬೀಡಿಂಗ್ ಎನ್ನುವ ಪಟ್ಟಿ ಇದು. ಮೂರು ಬದಿಗೆ 60 ಮಿ.ಮೀ. ಅಗಲದ ತೇಗದ ಪಟ್ಟಿ, ಮೇಲಿನ ಎರಡು ಮೂಲೆಗೆ ಕಮಲದ ಬಿಲ್ಲೆ, ಕೆಳಗೆ ಎರಡು ಪೀಠ.

ಬಾಗಿಲಿನಿಂದ ಬಳ್ಳಿಗೆ

ವಾಡದ ಒಳಗಿನ ಅಗಲ 760 ಮಿ.ಮೀ., ಎತ್ತರ 2030 ಮಿ.ಮೀ. ಎಂದುಕೊಳ್ಳೋಣ. ನಿಮ್ಮ ಮನೆಯದನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಗಾರೆ ಕೆಲಸವಾದ ವಾಡಗಳು ಎಲ್ಲ ಕಡೆ ಒಂದೇ ಅಳತೆಗೆ ಇರುವುದು ಅಪರೂಪ. ಪಟ್ಟಿಯನ್ನು ವಾಡದ ಅಂಚಿಗೆ ಸರಿಸಮ ಕೂರಿಸಬೇಡಿ, 5 ಮಿ.ಮೀ. ಹಿಂದಕ್ಕೆ ಸರಿಸಿ. ವಾಡ ಚೂರು ಸೊಟ್ಟಗಿದ್ದರೂ ಆ ಸಣ್ಣ ಮೆಟ್ಟಿಲು ಅದನ್ನು ಮರೆಸುತ್ತದೆ.

ಹೀಗೆ ಸರಿಸಿದ ಮೇಲೆ ಎರಡು ಮೂಲೆ ಬಿಲ್ಲೆಗಳ ನಡುವಿನ ಅಡ್ಡಪಟ್ಟಿ 760 + 5 + 5 = 770 ಮಿ.ಮೀ. ಬಿಲ್ಲೆಯ ಕೆಳಗಿನಿಂದ ನೆಲದವರೆಗೆ 2030 + 5 = 2035 ಮಿ.ಮೀ.

ಈಗ ಬಳ್ಳಿಯ ಒಂದು ಅಲೆ ಎಷ್ಟು ಉದ್ದ ಇರಬೇಕು? 770ನ್ನು 7ರಿಂದ ಭಾಗಿಸಿದರೆ 110. ಅಡ್ಡಪಟ್ಟಿಗೆ ಬೆಸ ಸಂಖ್ಯೆ ಬೇಕೆಂದೇ 7 ಆರಿಸಿದ್ದು. ಎಡದಿಂದ ಮೂರು ಅಲೆ, ಬಲದಿಂದ ಮೂರು ಅಲೆ ನಡುವಿಗೆ ಹರಿದುಬಂದು, ಸರಿಯಾಗಿ ಮಧ್ಯದಲ್ಲಿ ಒಂದು ಕಮಲ ಕೂರುತ್ತದೆ. ನಿಲುಪಟ್ಟಿಯ 2035ರಲ್ಲಿ 17 ಅಲೆಗೆ 1870 ಮಿ.ಮೀ. ಹೋಗಿ 165 ಉಳಿಯುತ್ತದೆ. ಆ 165 ಮಿ.ಮೀ.ಗೆ ಕೆತ್ತನೆಯಿಲ್ಲದ ಪೀಠ ಇಡಿ. ಇದು ಲೆಕ್ಕ ಸರಿದೂಗಿಸಲು ಮಾತ್ರವಲ್ಲ. ದಿನವೂ ನೆಲ ಒರೆಸುವ ನೀರು, ರಂಗೋಲಿ ಹುಡಿ, ಹೊಸಿಲಿಗೆ ಹಚ್ಚುವ ಅರಿಸಿನ ಕುಂಕುಮ ಇವೆಲ್ಲ ಸೇರುವ ಜಾಗದಲ್ಲಿ ಸಣ್ಣ ಕೆತ್ತನೆ ಇದ್ದರೆ ಎರಡೇ ವರ್ಷಕ್ಕೆ ಮಸುಕಾಗುತ್ತದೆ.

ನಿಮ್ಮ ಬಾಗಿಲಿಗೆ ಲೆಕ್ಕ ಇಷ್ಟು ಸಲೀಸಾಗಿ ಬರದಿದ್ದರೆ ಅಡ್ಡಪಟ್ಟಿಯಿಂದ ಅಲೆಯ ಉದ್ದ ತೀರ್ಮಾನಿಸಿ, ಉಳಿಕೆಯನ್ನೆಲ್ಲ ಪೀಠಕ್ಕೆ ತಳ್ಳಿ. ಪೀಠ 120ರಿಂದ 220 ಮಿ.ಮೀ. ಒಳಗೆ ಎಷ್ಟಿದ್ದರೂ ಕಣ್ಣಿಗೆ ಒಪ್ಪುತ್ತದೆ. ಅಡ್ಡಕ್ಕೆ 110, ನಿಲುವಿಗೆ 107 ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಹೂವು ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಮೂಲೆಯಲ್ಲಿ ಪಟ್ಟಿಗಳನ್ನು 45 ಡಿಗ್ರಿಗೆ ಕತ್ತರಿಸಿ ಸೇರಿಸುವುದಕ್ಕಿಂತ ಚೌಕ ಬಿಲ್ಲೆಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಮರ ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಹಾಗಾಗಿ ಮಳೆಗಾಲ ಬೇಸಿಗೆಗಳ ನಡುವೆ 45 ಡಿಗ್ರಿಯ ಸಂದು ಒಂದು ತುದಿಯಲ್ಲಿ ಬಾಯಿ ಬಿಡುತ್ತದೆ. ಬಿಲ್ಲೆಯನ್ನು 66 × 66 ಮಿ.ಮೀ. ಮಾಡಿ, ಒಳ ಅಂಚು ಪಟ್ಟಿಗೆ ಸಮವಾಗಿ, ಹೊರಗೆ 6 ಮಿ.ಮೀ. ಚಾಚುವಂತೆ ಇಡಿ. ಪಟ್ಟಿಯ ದಪ್ಪ 18 ಇದ್ದರೆ ಬಿಲ್ಲೆಗೂ ಪೀಠಕ್ಕೂ 22. ಈ ಏರುತಗ್ಗಿನ ನೆರಳಿನಲ್ಲಿ ಕೂದಲೆಳೆಯ ಸಂದು ಕಾಣಿಸುವುದೇ ಇಲ್ಲ.

ಯಂತ್ರ

300 × 180 ಮಿ.ಮೀ.ನ ಪುಟ್ಟ 3018 ಯಂತ್ರಗಳಲ್ಲಿ ಬಿಲ್ಲೆ ಕೆತ್ತಬಹುದು. ತೇಗದ ಉದ್ದ ಪಟ್ಟಿಗೆ ಅದರ ಸಣ್ಣ ಮೋಟರು ತಿಣುಕುತ್ತದೆ. ವೈ ಅಕ್ಷದಲ್ಲಿ, ಅಂದರೆ ಹಿಂದೆಮುಂದೆ, 600 ಮಿ.ಮೀ. ಓಡುವ, 65 ಮಿ.ಮೀ. ಹಿಡಿಕೆಯಲ್ಲಿ ಟ್ರಿಮ್ ರೂಟರನ್ನೋ 800 ವ್ಯಾಟ್‌ನ ಸ್ಪಿಂಡಲನ್ನೋ (ಎರಡೂ ಬಿಟ್ ಅನ್ನು, ಅಂದರೆ ಕೊರೆಯುವ ಮೊನೆಯನ್ನು, ತಿರುಗಿಸುವ ಮೋಟರುಗಳೇ) ಹೊತ್ತ ಯಂತ್ರ ಈ ಕೆಲಸಕ್ಕೆ ಸಾಕು. ಒಂದು ಷರತ್ತು: ಮುಂದಿನ, ಹಿಂದಿನ ಬದಿಗಳು ತೆರೆದಿರಬೇಕು, ಉದ್ದದ ಮರ ಆರಪಾರ ಹಾದುಹೋಗುವಂತಿರಬೇಕು. ಯಂತ್ರದ ತುದಿಯ ಚೌಕಟ್ಟು ಅಡ್ಡ ಬರುತ್ತಿದ್ದರೆ ಮರ ಇಡುವ ಹಾಸುಹಲಗೆಗೆ ಇನ್ನೊಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪದರ ಕೊಟ್ಟು ಎತ್ತರಿಸಿ. ಎತ್ತರಿಸಿದ ಮೇಲೆ 22 ಮಿ.ಮೀ.ನ ಸಪಾಟು ಬಿಟ್‌ನಿಂದ ಅರ್ಧ ಮಿ.ಮೀ. ಹೆರೆದು ಹಾಸುಹಲಗೆಯನ್ನು ಮಟ್ಟ ಮಾಡಿಕೊಳ್ಳಿ.

ಶುರುಮಾಡುವ ಮೊದಲು ವೈ ಅಕ್ಷದ ಅಳತೆಯನ್ನು ತಪ್ಪದೆ ಪರೀಕ್ಷಿಸಿ. ಯಂತ್ರಕ್ಕೆ 500 ಮಿ.ಮೀ. ಚಲಿಸಲು ಹೇಳಿ, ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ. 499.2 ಬಂತು ಎನ್ನಿ. 0.8 ಮಿ.ಮೀ. ಏನು ಮಹಾ ಎನಿಸುತ್ತದೆ, ಆದರೆ 1870ಕ್ಕೆ ಅದು 3 ಮಿ.ಮೀ. ಕೊರತೆಯಾಗಿ ಮೂಲೆಯಲ್ಲಿ ಸಂದು ಬೀಳುತ್ತದೆ. ಜಿಆರ್‌ಬಿಎಲ್ ಕಂಟ್ರೋಲರಿನಲ್ಲಿ (ಯಂತ್ರದ ಚಲನೆಯನ್ನು ನಡೆಸುವ ಭಾಗ) ವೈ ಅಕ್ಷದ ಪ್ರತಿ ಮಿ.ಮೀ. ಹೆಜ್ಜೆಗಳ ಲೆಕ್ಕ ಇರುವುದು 101ನೇ ಸೆಟ್ಟಿಂಗಿನಲ್ಲಿ. ಅಲ್ಲಿರುವ ಸಂಖ್ಯೆಯನ್ನು 500ರಿಂದ ಗುಣಿಸಿ 499.2ರಿಂದ ಭಾಗಿಸಿ ಹೊಸದನ್ನು ತುಂಬಿ, ಮತ್ತೊಮ್ಮೆ ಅಳೆಯಿರಿ.

ಮರ

ಇಡೀ ಕೆಲಸಕ್ಕೆ ನಿಜವಾಗಿ ತಗಲುವ ಮರ ಸುಮಾರು 0.2 ಘನ ಅಡಿ. ವ್ಯರ್ಥವೂ ಸೇರಿ ಅರ್ಧ ಘನ ಅಡಿ ತಂದರೆ ಸಾಕು. ಸಾಮಿಲ್ಲಿನಲ್ಲಿ ಆರಿಸುವಾಗ ಚೇಗು ಮಾತ್ರ ನೋಡಿ, ಬಿಳಿ ಭಾಗ ಬೇಡ, ಕೆತ್ತನೆ ಬೀಳುವ ಕಡೆ ಗಂಟು ಬೇಡ. ಮುಖ್ಯವಾಗಿ ನಾರು ಪಟ್ಟಿಯ ಉದ್ದಕ್ಕೆ ನೆಟ್ಟಗೆ ಓಡುತ್ತಿರಬೇಕು. ಓರೆ ನಾರಿನ ತೇಗದಲ್ಲಿ ಬಿಟ್ ಎಲೆಯ ತುದಿಗಳನ್ನು ಕಿತ್ತು ಎಸೆಯುತ್ತದೆ. ರಸೀದಿ ಪಡೆದೇ ತನ್ನಿ.

ಸೀಳಿಸಿ ತಂದ ಹಲಗೆಯನ್ನು ಅದೇ ದಿನ ಯಂತ್ರಕ್ಕೆ ಹಾಕಬೇಡಿ. ಅದು ಕೊನೆಗೆ ಇರಬೇಕಾದ ಕೋಣೆಯಲ್ಲೇ ಎರಡು ವಾರ, ನಡುನಡುವೆ ರೀಪು ಕೊಟ್ಟು ಅಡ್ಡಡ್ಡ ಜೋಡಿಸಿಡಿ. ತೇವ ಅಳೆಯುವ ಮುಳ್ಳಿನ ಮೀಟರಿನಲ್ಲಿ ಬಯಲುಸೀಮೆಯಲ್ಲಿ 10ರಿಂದ 12 ಪ್ರತಿಶತ ತೋರಿಸಿದರೆ ಸರಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಷ್ಟಕ್ಕೆ ಇಳಿಯುವುದು ಕಷ್ಟ, ಸಾಧ್ಯವಾದರೆ ಈ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಆಮೇಲೆ ನಾಲ್ಕೂ ಮುಖ ತೋಪಡ ಹೊಡೆಸಿ 18 ಮಿ.ಮೀ.ಗೆ ತನ್ನಿ. ಅಗಲ ಸದ್ಯಕ್ಕೆ 64 ಇರಲಿ.

ಒಂದು ಮುಖವನ್ನಷ್ಟೇ ಕೆತ್ತಿದರೆ ಮರದೊಳಗಿನ ಬಿಗುವು ಸಡಿಲಗೊಂಡು ಪಟ್ಟಿ ಬಾಳೆಕಾಯಿಯಂತೆ ಬಾಗುತ್ತದೆ. ಅದಕ್ಕೆ ಮೊದಲು ಹಿಂಬದಿಯ ನಡುವೆ 40 ಮಿ.ಮೀ. ಅಗಲ, 2 ಮಿ.ಮೀ. ಆಳದ ಗಾಡಿ (ಉದ್ದನೆಯ ತಗ್ಗು) ತೆಗೆಯಿರಿ. ಬಾಗುವುದು ಕಡಿಮೆಯಾಗುತ್ತದೆ, ಗೋಡೆಯ ಗಾರೆ ಉಬ್ಬಿದ್ದರೂ ಪಟ್ಟಿ ಎರಡು ಅಂಚಿನ ಮೇಲೆ ಗಟ್ಟಿಯಾಗಿ ಕೂರುತ್ತದೆ.

ತೇಗಕ್ಕೆ ಬದಲು ಹಲಸು, ಶಿವನೆ ಎರಡೂ ಚೆನ್ನಾಗಿ ಕೆತ್ತನೆಗೆ ಒಗ್ಗುತ್ತವೆ. ಸಾಗರ, ಸೊರಬದ ಕಡೆಯ ಗುಡಿಗಾರರು ಶ್ರೀಗಂಧದ ಜೊತೆಗೆ ಶಿವನೆಯಲ್ಲೂ ಸೂಕ್ಷ್ಮ ಕೆತ್ತನೆ ಮಾಡುತ್ತ ಬಂದಿದ್ದಾರೆ. ಎಂಡಿಎಫ್ ಬೇಡವೇ ಬೇಡ ಎನ್ನಲಾರೆ, ಬಣ್ಣ ಹೊಡೆಯುವ ಪಟ್ಟಿಗೆ ಅದು ಸಾಕು. ದೀಪ, ನೀರು, ಎಣ್ಣೆ ಇರುವ ಜಾಗಕ್ಕೆ ಮಾತ್ರ ಹಾಕಬೇಡಿ.

ಬಳ್ಳಿ ಬಿಡಿಸುವುದು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ತಳದಲ್ಲಿ ಆನೆ, ಸಿಂಹಗಳ ಸಾಲಿನ ಮೇಲೆ ಬಳ್ಳಿಯ ಸಾಲು ಓಡುತ್ತದೆ. ಮುಂದಿನ ಸಲ ಹೋದಾಗ ಆ ಬಳ್ಳಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಕಾಂಡ ಒಂದು ಅಲೆ. ಅಲೆಯ ಪ್ರತಿ ತಗ್ಗಿನಲ್ಲಿ ಒಂದು ಕವಲು ಸುರುಳಿಯಾಗಿ ಆ ಜಾಗವನ್ನು ತುಂಬುತ್ತದೆ. ಇಷ್ಟೇ ಇದರ ವ್ಯಾಕರಣ. ನಮ್ಮ 110 ಮಿ.ಮೀ.ಗೂ ಅದನ್ನೇ ಅಳವಡಿಸಿ: ಒಂದು ಪೂರ್ತಿ ಅಲೆ, ಮೇಲಕ್ಕೊಂದು ಕೆಳಕ್ಕೊಂದು ಎಲೆಸುರುಳಿ. 60 ಮಿ.ಮೀ.ನಲ್ಲಿ ಎರಡೂ ಅಂಚಿಗೆ 6 ಮಿ.ಮೀ.ನ ಮಣಿಸಾಲು ಹೋದರೆ ಬಳ್ಳಿಗೆ 48 ಉಳಿಯುತ್ತದೆ. ಮಣಿ 10 ಮಿ.ಮೀ.ಗೆ ಒಂದರಂತೆ ಅಲೆಗೆ 11 ಇರಲಿ, ಆಗ ಅಲೆಯ ಗಡಿಯಲ್ಲಿ ಮಣಿ ಒಡೆಯುವುದಿಲ್ಲ.

ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ, ಫೋಟೊ ತೆಗೆದು, ಇಂಕ್‌ಸ್ಕೇಪಿನಲ್ಲಿ (ಚಿತ್ರ ಬಿಡಿಸುವ ತಂತ್ರಾಂಶ) ಅದರ ಮೇಲೆ ಗೆರೆ ಎಳೆಯುವುದು ನನಗೆ ಒಗ್ಗಿದ ದಾರಿ. ಗೆರೆಯಷ್ಟೇ ಸಾಕೆನ್ನುವವರು ಇಲ್ಲಿಂದಲೇ ವಿ-ಕೆತ್ತನೆಗೆ (ವಿ ಆಕಾರದ ತಗ್ಗು ಕೊರೆಯುವುದು) ಹೋಗಬಹುದು. 90 ಡಿಗ್ರಿಯ ವಿ-ಬಿಟ್ ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಎರಡರಷ್ಟು ಅಗಲಕ್ಕೆ ಕೊರೆಯುತ್ತದೆ, 6 ಮಿ.ಮೀ. ಅಗಲದ ಎಲೆಗೆ 3 ಮಿ.ಮೀ. ಆಳ. 60 ಡಿಗ್ರಿಯದಾದರೆ ಅದೇ ಎಲೆಗೆ 5.2 ಮಿ.ಮೀ. ಇಳಿಯಬೇಕು, ನೆರಳು ಗಾಢವಾಗಿ ಬೀಳುತ್ತದೆ.

ಎಲೆ ಉಬ್ಬಿ ನಿಲ್ಲಬೇಕೆಂದರೆ ಉಬ್ಬುಕೆತ್ತನೆ ಬೇಕು. ಬ್ಲೆಂಡರಿನಲ್ಲೋ, ಆಸ್ಪೈರ್, ಕಾರ್ವೆಕೋದಂಥ ತಂತ್ರಾಂಶದಲ್ಲೋ ಅಲೆಯ ಮಾದರಿ ಮಾಡಿ. ಕಪ್ಪು ಬಿಳುಪು ಚಿತ್ರದಿಂದ ಎತ್ತರ ಪಡೆಯುವುದಾದರೆ ಜೆಪೆಗ್ ಬೇಡ, ಅದರ ಕಣಕಣ ಗಲೀಜೆಲ್ಲ ಮರದ ಮೇಲೆ ಮೊಡವೆಯಾಗಿ ಬೀಳುತ್ತದೆ. 16 ಬಿಟ್‌ನ ಪಿಎನ್‌ಜಿ ಬಳಸಿ. ಒಟ್ಟು ಆಳ 6 ಮಿ.ಮೀ. ದಾಟಿಸಬೇಡಿ. ಎಲೆ ಎಲೆಗಳ ನಡುವೆ, ಮಣಿ ಮಣಿಗಳ ನಡುವೆ ಕನಿಷ್ಠ 2.5 ಮಿ.ಮೀ. ಜಾಗ ಬಿಡಿ, ತುದಿ 2 ಮಿ.ಮೀ. ಇರುವ ಬಿಟ್ ಅದಕ್ಕಿಂತ ಸಣ್ಣ ಸಂದಿಗೆ ಇಳಿಯಲಾರದು.

ಅಲೆಯ ಆರಂಭ ಮತ್ತು ಕೊನೆಯಲ್ಲಿ ಕಾಂಡ ಒಂದೇ ಎತ್ತರದಲ್ಲಿ, ಒಂದೇ ಓರೆಯಲ್ಲಿ, ಒಂದೇ ದಪ್ಪದಲ್ಲಿ ಇರಬೇಕು. ಐದು ನಕಲು ಒಂದರ ಪಕ್ಕ ಒಂದಿಟ್ಟು, ಪರದೆಯ ಮೇಲೆ ದೊಡ್ಡದು ಮಾಡಿ ಕೂಡುಗೆರೆ ಕಾಣುತ್ತದೆಯೇ ನೋಡಿ.

ಇನ್ನೊಂದು ಸಂಗತಿ ಬಹಳ ಜನರ ಕೈಯಲ್ಲಿ ತಪ್ಪುತ್ತದೆ. ಬಳ್ಳಿ ಎರಡೂ ಪೀಠದಿಂದ ಮೇಲಕ್ಕೆ ಹಬ್ಬಬೇಕು, ಆದ್ದರಿಂದ ಬಲಗಡೆಯ ಪಟ್ಟಿ ಎಡಗಡೆಯದರ ಕನ್ನಡಿ ಬಿಂಬ. ಒಂದೇ ಕಡತದಿಂದ ಎರಡನ್ನೂ ಕೆತ್ತಿ, ಒಂದನ್ನು ತಲೆಕೆಳಗೆ ಮಾಡಿದರೆ ಆ ಬದಿಯ ಬಳ್ಳಿ ನೆಲಕ್ಕೆ ಇಳಿಯುತ್ತದೆ. ಎಡಕ್ಕೊಂದು, ಬಲಕ್ಕೊಂದು, ಅಡ್ಡಪಟ್ಟಿಗೊಂದು ಬೇರೆಬೇರೆ ಕಡತ ಮಾಡಿ, ಮರದ ಹಿಂಬದಿಯಲ್ಲಿ ಬಾಣದ ಗುರುತು ಹಾಕಿ "ಎಡ, ಮೇಲೆ" ಎಂದು ಬರೆದಿಡಿ.

ಬಿಟ್ ಮತ್ತು ವೇಗ

ಎರಡೇ ಬಿಟ್ ಸಾಕು. ಒರಟು ಕೆಲಸಕ್ಕೆ ಎರಡು ಅಲಗಿನ 6 ಮಿ.ಮೀ. ಸಪಾಟು ಬಿಟ್, ನಯಕ್ಕೆ ಗುಂಡು ತುದಿಯ ತ್ರಿಜ್ಯ 1 ಮಿ.ಮೀ. ಇರುವ ಮೊನಚಾದ ಬಾಲ್‌ನೋಸ್. ಎರಡೂ ಕಾರ್ಬೈಡಿನವೇ ಆಗಿರಲಿ, ತೇಗದಲ್ಲಿರುವ ಸಿಲಿಕಾ ಸಾಧಾರಣ ಉಕ್ಕಿನ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಬಿಟ್‌ನ ಕಾಂಡಕ್ಕೂ ಅದನ್ನು ಹಿಡಿಯುವ ಕಾಲೆಟ್ಟಿಗೂ ಅಳತೆ ತಾಳೆಯಾಗಬೇಕು. ಕಾಲಿಂಚು ಎಂದರೆ 6.35 ಮಿ.ಮೀ., ಅದು 6 ಮಿ.ಮೀ. ಅಲ್ಲ. ಕಾಲಿಂಚಿನ ಕಾಲೆಟ್ಟಿನಲ್ಲಿ 6 ಮಿ.ಮೀ. ಬಿಟ್ ಹಿಡಿಸಿದರೆ ಅದು ಓಡುವಾಗಲೇ ಜಾರುತ್ತದೆ.

ಚಲನೆಯ ವೇಗದ ಸೂತ್ರ ಸರಳ: ಸುತ್ತು × ಅಲಗು × ಒಂದು ಅಲಗು ಒಮ್ಮೆಗೆ ಕಚ್ಚುವ ಪ್ರಮಾಣ. ನಿಮಿಷಕ್ಕೆ 18,000 ಸುತ್ತು, 2 ಅಲಗು, 0.05 ಮಿ.ಮೀ. ಕಚ್ಚು ಎಂದರೆ ನಿಮಿಷಕ್ಕೆ 1800 ಮಿ.ಮೀ. ಮನೆಯ ಯಂತ್ರಕ್ಕೆ 1200ರಿಂದ ಶುರುಮಾಡಿ, ಕೆಳಗೆ ಬೀಳುವ ಹೊಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತ ಏರಿಸಿ. ಪುಟ್ಟ ಚಕ್ಕೆ ಬಿದ್ದರೆ ಬಿಟ್ ಕೊರೆಯುತ್ತಿದೆ. ಗೋಧಿ ಹಿಟ್ಟಿನಂತೆ ಬಿದ್ದರೆ ಬರೀ ಉಜ್ಜುತ್ತಿದೆ. ಆಗ ಬಿಟ್ ಕಾಯುತ್ತದೆ, ಮರ ಕರಕಲಾಗುತ್ತದೆ. ಆಗ ಮಾಡಬೇಕಾದ್ದು ಚಲನೆ ಹೆಚ್ಚಿಸುವುದು ಇಲ್ಲವೇ ಸುತ್ತು ತಗ್ಗಿಸುವುದು. ಹೆದರಿ ಇನ್ನೂ ನಿಧಾನ ಮಾಡಿದರೆ ಸುಡುವುದು ಹೆಚ್ಚಾಗುತ್ತದೆ.

ಒರಟು ಸುತ್ತಿನಲ್ಲಿ ಒಮ್ಮೆಗೆ 3 ಮಿ.ಮೀ. ಇಳಿದು, ಮೇಲ್ಮೈಗೆ 0.5 ಮಿ.ಮೀ. ಉಳಿಸಿ. ನಯದ ಸುತ್ತಿನಲ್ಲಿ ಗೆರೆಗಳ ನಡುವಿನ ಅಂತರ 0.25 ಮಿ.ಮೀ. ಗೆರೆಗಳ ನಡುವೆ ಉಳಿಯುವ ಏಣಿನ ಎತ್ತರ, ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು: 0.0625 ÷ 8, ಅಂದರೆ 0.008 ಮಿ.ಮೀ.ಗೂ ಕಡಿಮೆ. ಅಂತರ 0.5 ಮಾಡಿದರೆ ಸಮಯ ಅರ್ಧಕ್ಕಿಳಿದು ಏಣು ನಾಲ್ಕರಷ್ಟಾಗುತ್ತದೆ. ಉಳಿದದ್ದನ್ನು ಎಲೆಯ ಸಂದುಸಂದಿನಲ್ಲಿ ಕೈಯಿಂದ ತಿಕ್ಕಬೇಕು. ಗೆರೆಗಳು ಪಟ್ಟಿಯ ಉದ್ದಕ್ಕೇ, ನಾರಿನ ಜೊತೆಗೇ ಓಡಲಿ.

ಸಮಯ ಎಷ್ಟು? 60 ಮಿ.ಮೀ. ಅಗಲಕ್ಕೆ 240 ಗೆರೆ, 550 ಮಿ.ಮೀ. ಉದ್ದಕ್ಕೆ ಒಟ್ಟು 132 ಮೀಟರ್. ನಿಮಿಷಕ್ಕೆ 1500 ಮಿ.ಮೀ.ನಂತೆ 88 ನಿಮಿಷ. ಅಂದರೆ ಐದು ಅಲೆಗೆ ಒಂದೂವರೆ ಗಂಟೆ, ನಮ್ಮ 41 ಅಲೆಗೆ 12 ಗಂಟೆ. ಏರಿಳಿತದಲ್ಲಿ ಯಂತ್ರ ನಿಧಾನಿಸುವುದನ್ನೂ ಒರಟು ಸುತ್ತನ್ನೂ ಸೇರಿಸಿ ಮೂರು ಭಾನುವಾರ ಎಂದಿಟ್ಟುಕೊಳ್ಳಿ.

ಉದ್ದದ ಪಟ್ಟಿ, ಗಿಡ್ಡ ಯಂತ್ರ

1870 ಮಿ.ಮೀ. ಪಟ್ಟಿಯನ್ನು ತುಂಡು ಮಾಡಿ ಜೋಡಿಸಬಹುದು. ನನಗೆ ಅದು ಇಷ್ಟವಿಲ್ಲ; ತೇಗದ ನಾರಿನ ಓಟ ಕಡಿಯುತ್ತದೆ. ಇಡೀ ಪಟ್ಟಿಯನ್ನು ಹಂತಹಂತವಾಗಿ ಎಳೆದು ಕೆತ್ತುವುದು ಹೀಗೆ.

ಪಟ್ಟಿಯ ಒಂದು ಪಕ್ಕಕ್ಕೆ 20 ಮಿ.ಮೀ. ಅಗಲದ ಪೈನ್ ರೀಪನ್ನು ಅಂಟಿಸಿ, ಗೂಟದ ತೂತುಗಳಿಗಾಗಿ ತೇಗ ಹಾಳಾಗುವುದು ತಪ್ಪುತ್ತದೆ. ಹಾಸುಹಲಗೆಯ ಮೇಲೆ ವೈ ಅಕ್ಷಕ್ಕೆ ಸಮಾನಾಂತರವಾಗಿ ಒಂದು ಆಧಾರಪಟ್ಟಿ ತಿರುಪಿ ಕೂರಿಸಿ; ಕೂರಿಸಿದ ಮೇಲೆ ಅದರ ಅಂಚನ್ನು ಯಂತ್ರದಿಂದಲೇ ಒಮ್ಮೆ ಹೆರೆಯಿರಿ, ಆಗ ಅದು ತಂತಾನೇ ಸಮಾನಾಂತರವಾಗುತ್ತದೆ. ಪಟ್ಟಿಯನ್ನು ಇದಕ್ಕೆ ಒತ್ತಿ ಇಟ್ಟು, ಇನ್ನೊಂದು ಬದಿಯಿಂದ ಜೋಡಿ ಬೆಣೆಗಳಿಂದ ಬಿಗಿಯಿರಿ. ಬೆಣೆ, ಆಧಾರಪಟ್ಟಿ ಎರಡೂ 9 ಮಿ.ಮೀ. ಪ್ಲೈವುಡ್ಡಿನವಾಗಿರಲಿ, ಬಿಟ್ ಅಷ್ಟು ಕೆಳಗೆ ಬರುವುದಿಲ್ಲ.

ಕೆತ್ತನೆ ವೈ 25ರಿಂದ 575ರವರೆಗೆ, ಐದು ಅಲೆ. ಅದೇ ಹಂತದಲ್ಲಿ ಪೈನ್ ರೀಪಿನ ಮೇಲೆ ವೈ 25 ಮತ್ತು 575ರಲ್ಲಿ 6 ಮಿ.ಮೀ. ತೂತು, ಹಾಸುಹಲಗೆಗೂ ಇಳಿಯುವಂತೆ. ಮುಗಿದ ಮೇಲೆ ಬೆಣೆ ಸಡಿಲಿಸಿ ಪಟ್ಟಿಯನ್ನು ಮುಂದಕ್ಕೆ ಎಳೆಯಿರಿ. 575ರಲ್ಲಿದ್ದ ತೂತು ಈಗ 25ರ ತೂತಿನ ಮೇಲೆ ಬರುತ್ತದೆ. ಅಲ್ಲಿ 6 ಮಿ.ಮೀ. ಉಕ್ಕಿನ ಗೂಟ ಇಳಿಸಿ. ಮತ್ತೆ ಬೆಣೆ ಬಿಗಿದು, ಶೂನ್ಯ (ಅಳತೆಯ ಆರಂಭಬಿಂದು) ಬದಲಿಸದೆ, ಬಿಟ್ ಗೂಟಕ್ಕೆ ಬಡಿಯದಂತೆ 25ರ ತೂತನ್ನು ಮಾತ್ರ ತೆಗೆದುಹಾಕಿ, ಅದೇ ಕಡತ ಓಡಿಸಿ. ಐದು, ಐದು, ಐದು, ಎರಡು: 17 ಅಲೆ ಮುಗಿಯಿತು. ಯಂತ್ರದ ಹೊರಗೆ ಚಾಚಿದ ಮರದ ಕೆಳಗೆ ಅದೇ ಎತ್ತರದ ಸ್ಟೂಲು ಇಡಲೇಬೇಕು, ಇಲ್ಲದಿದ್ದರೆ ತೂಕಕ್ಕೆ ಒಳಗಿನ ತುದಿ ಮೇಲೇಳುತ್ತದೆ.

ತೇಗಕ್ಕೆ ಕೈ ಹಾಕುವ ಮೊದಲು ಎಂಡಿಎಫ್ ಚೂರಿನಲ್ಲಿ ಎರಡು ಅಲೆ ಕೆತ್ತಿ, ಒಮ್ಮೆ ಎಳೆದು ಇನ್ನೆರಡು ಕೆತ್ತಿ. ಕೂಡುವ ಜಾಗದಲ್ಲಿ ಬೆರಳಾಡಿಸಿ. ಉಗುರಿಗೆ ಮೆಟ್ಟಿಲು ಸಿಕ್ಕರೆ ಆಧಾರಪಟ್ಟಿಯನ್ನೂ ಹಾಸುಹಲಗೆಯ ಮಟ್ಟವನ್ನೂ ಮತ್ತೆ ನೋಡಿ.

ಕೊರೆಯುವಾಗ

ಕನ್ನಡಕ, ಕಿವಿಮುಚ್ಚು, ಎನ್95 ಮುಖಗವಸು ಮೂರೂ ಬೇಕು. ಮರದ ಹುಡಿಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ, ಹಾಗಾಗಿ ವ್ಯಾಕ್ಯೂಮ್ ಇಲ್ಲದೆ ಮುಚ್ಚಿದ ಕೋಣೆಯಲ್ಲಿ ಓಡಿಸಬೇಡಿ. ತಿರುಗುವ ಸ್ಪಿಂಡಲ್ ಹತ್ತಿರ ಕೈಗವಸು, ಜೋಲುವ ತೋಳು, ಶಾಲು ಬೇಡ. ಯಂತ್ರ ಓಡುವಾಗ ಊಟಕ್ಕೆ ಎದ್ದು ಹೋಗಬೇಡಿ: ಬಿಟ್ ಸಿಕ್ಕಿಕೊಂಡು ಒಂದೇ ಕಡೆ ಉಜ್ಜಿದರೆ ಹೊಟ್ಟಿಗೆ ಬೆಂಕಿ ಹತ್ತಲು ಬಹಳ ಹೊತ್ತು ಬೇಡ.

ಕರೆಂಟು ಹೋದರೆ ಗಾಬರಿಯಾಗಬೇಡಿ. ಹೋಮಿಂಗ್ ಸ್ವಿಚ್ (ಯಂತ್ರ ತನ್ನ ಆರಂಭದ ಮೂಲೆಯನ್ನು ಗುರುತಿಸುವ ಸ್ವಿಚ್) ಇರುವ ಯಂತ್ರವಾದರೆ, ಜಿ54 ಎಂಬ ಸೆಟ್ಟಿಂಗಿನಲ್ಲಿ ಇಟ್ಟ ಶೂನ್ಯ ಜಿಆರ್‌ಬಿಎಲ್‌ನ ನೆನಪಿನಲ್ಲಿ ಉಳಿದಿರುತ್ತದೆ. ಮತ್ತೆ ಹೋಮ್ ಮಾಡಿ, ನಿಂತ ಸಾಲಿಗಿಂತ ತುಸು ಹಿಂದಿನಿಂದ ಓಡಿಸಿದರಾಯಿತು. ಸ್ವಿಚ್ ಇಲ್ಲದವರು ಗೂಟದ ತೂತನ್ನೇ ಗುರುತಾಗಿಟ್ಟು ಶೂನ್ಯ ಹಿಡಿಯಬೇಕು.

ಬಿಟ್ ಬದಲಿಸಿದಾಗ ಝಡ್ (ಎತ್ತರದ) ಶೂನ್ಯವನ್ನು ಮತ್ತೆ ಹಿಡಿಯಲು ಮರೆಯಬೇಡಿ. ಹಿಡಿಯುವುದು ಮರದ ಮೇಲ್ಮೈಯಿಂದಲ್ಲ, ಹಾಸುಹಲಗೆಯಿಂದ; ಒರಟು ಸುತ್ತು ಮುಗಿದ ಮೇಲೆ ಮರದ ಮೇಲ್ಮೈ ಎಲ್ಲಿದೆ ಎಂದು ಹುಡುಕುವ ಪಾಡು ತಪ್ಪುತ್ತದೆ.

ಉಳಿ, ಪಾಲಿಶ್

ಯಂತ್ರ ಮೇಲಿನಿಂದ ಮಾತ್ರ ಇಳಿಯಬಲ್ಲದು, ಎಲೆಯ ಅಡಿಗೆ ಹೋಗಲಾರದು. ಹಾಗಾಗಿ ಯಂತ್ರದಿಂದ ಬಂದ ಎಲೆ ಹಿಟ್ಟಿನ ಅಚ್ಚಿನಂತೆ ಮೊಂಡಾಗಿರುತ್ತದೆ. 3 ಮಿ.ಮೀ. ಉಳಿಯಿಂದ ಪ್ರತಿ ಎಲೆಯ ತುದಿಯ ಕೆಳಗೆ ಒಂದು ಓರೆ ಏಟು, ಸುರುಳಿಯ ಒಳಮೂಲೆಯಲ್ಲಿ ಒಂದು ನೆಟ್ಟನೆ ಏಟು ಕೊಡಿ. ಎಲೆಗೆ ಅರ್ಧ ನಿಮಿಷ. ಅಷ್ಟಕ್ಕೇ ಎಲೆ ಮರದಿಂದ ಎದ್ದು ನಿಲ್ಲುತ್ತದೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಪೈನ್ ರೀಪನ್ನು ಗರಗಸದಲ್ಲಿ ಕಳೆದು ಅಗಲವನ್ನು 60ಕ್ಕೆ ತನ್ನಿ. ಕೆತ್ತನೆಯೊಳಗಿನ ಎಳೆಗಳನ್ನು ನೈಲಾನ್ ಬ್ರಷ್‌ನಿಂದ ತೆಗೆದು, 180, 240, 320ರ ಸ್ಯಾಂಡ್ ಪೇಪರನ್ನು ಬೆರಳಿಗೆ ಸುತ್ತಿ ನಾರಿನ ಗುಂಟ ತಿಕ್ಕಿ. ಎಲೆಯ ಏಣುಗಳ ಮೇಲೆ ಒತ್ತಬೇಡಿ, ಅವು ಕರಗಿದರೆ ಉಳಿಯ ಕೆಲಸವೆಲ್ಲ ನೀರುಪಾಲು.

ದೀಪದ ಮಸಿಯನ್ನೂ ಕುಂಕುಮವನ್ನೂ ಒದ್ದೆಬಟ್ಟೆಯಲ್ಲಿ ಒರೆಸಲು ಬರಬೇಕಾದ್ದರಿಂದ ಇಲ್ಲಿಗೆ ಮೇಣದ ಪಾಲಿಶ್ ಬೇಡ. ಸೀಲರ್ ಒಂದು ಕೈ, ಮ್ಯಾಟ್ ಪಿಯು (ಪಾಲಿಯುರೆಥೇನ್ ಪಾಲಿಶ್) ಎರಡು ತೆಳು ಕೈ ಸಾಕು. ಹೊಳಪಿನ ಪಿಯು ಬೆಳಕನ್ನು ಚೆಲ್ಲಿ ಕೆತ್ತನೆಯ ನೆರಳನ್ನು ನುಂಗುತ್ತದೆ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು, ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು; ಹರವಿ ಒಣಗಿಸಿ.

ಕೂರಿಸುವುದು

ಮೊದಲು ಪೀಠಗಳು, ಆಮೇಲೆ ನಿಲುಪಟ್ಟಿ, ಅದರ ಮೇಲೆ ಬಿಲ್ಲೆ, ಕೊನೆಗೆ ಅಡ್ಡಪಟ್ಟಿ. ಅಡ್ಡಪಟ್ಟಿಯನ್ನು ಎರಡೂ ತುದಿಗೆ ಸಮವಾಗಿ ಹೆರೆದು ಕೂರಿಸಿ, ಕಮಲ ಮಧ್ಯದಿಂದ ಕದಲಬಾರದು. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಚ್ಚುವ ಮುನ್ನ ಹಿಂಬದಿಯ ಅಂಚುಗಳನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ. ಅಂಟು ಹಿಂಬದಿಯ ಒಳ ಅಂಚಿಗೆ, ಅಂದರೆ ವಾಡದ ಮರಕ್ಕೆ ತಾಗುವ ಕಡೆ ಮಾತ್ರ ಇರಲಿ. ಗೋಡೆಯ ಬದಿ ಬರಿದಾಗಿದ್ದರೆ ಪಟ್ಟಿಗೆ ಅಡ್ಡಕ್ಕೆ ಹಿಗ್ಗಲು ಜಾಗ ಸಿಗುತ್ತದೆ. ತಲೆಯಿಲ್ಲದ ಮೊಳೆಗಳನ್ನು ಮಣಿ ಮಣಿಗಳ ನಡುವಿನ ಸಂದಿನಲ್ಲಿ, ಮೊದಲೇ ಸಣ್ಣ ತೂತು ಕೊರೆದು ಹೊಡೆಯಿರಿ. ತೂತಿಲ್ಲದೆ ಹೊಡೆದರೆ ಅಂಚಿನ ಹತ್ತಿರ ತೇಗ ಸೀಳುತ್ತದೆ. ಮೊಳೆಯ ಗುಳಿಗೆ ತೇಗದ ಹೊಟ್ಟನ್ನೇ ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಸಣ್ಣ ಕುಂಚದಲ್ಲಿ ಪಿಯು ಮುಟ್ಟಿಸಿ. ಗೋಡೆಯ ಬದಿಯ ಸಂದಿಗೆ ಸುಣ್ಣದ ಬಣ್ಣದ್ದೇ ಅಕ್ರಿಲಿಕ್ ಸೀಲಂಟ್ ಒಂದು ಗೆರೆ ಎಳೆದು, ಒದ್ದೆ ಬೆರಳಿನಲ್ಲಿ ಸವರಿ.